ಸೈತಾನನ ತಲೆಗೆ ಕಟ್ಟಿದ ಸ್ವರ

ದಬ್ಬಾಳಿಕೆ, ಸಾವು, ಅಗಲಿಕೆ. ಇವನ್ನೇ ಹಾಡಾಗಿಸಿದ ತಂಡವೊಂದರ ಮೊದಲ ಆಲ್ಬಂ ಕೇಳುತ್ತಿದ್ದೀರಿ ಅಂದುಕೊಳ್ಳಿ. ಪ್ರಾರ್ಥನೆಯಂಥ ಮೆಲುದನಿಯ ಗುಂಪುಗಾಯನ ಸಾಗಿದೆ. ಇದ್ದಕ್ಕಿದ್ದಂತೆ ಮೆಟಲ್ ಗಿಟಾರ್ ಗುರ್ರೆನ್ನುತ್ತದೆ, ಗಾಯಕ ಗಂಟಲು ಹರಿಯುವಂತೆ ಕಿರುಚುತ್ತಾನೆ. ಮೈ ಜುಮ್ಮೆನ್ನುತ್ತದೆ. ಆಗ ಯಾರಾದರೂ ಹೇಳಿಯೇ ಹೇಳುತ್ತಾರೆ: 'ಅದು ಸೈತಾನನ ಸ್ವರ, ಹಿಂದೆ ಚರ್ಚ್ ಅದನ್ನು ನಿಷೇಧಿಸಿತ್ತು.'

ಸುಮ್ನೆ ಮಾತು. ಅವರು ಹೇಳುತ್ತಿರುವುದು ಟ್ರೈಟೋನ್ ಬಗ್ಗೆ. ಅದು ಎರಡು ಸ್ವರಗಳ ನಡುವಿನ ಒಂದು ಅಂತರ, ನಮ್ಮ ಲೆಕ್ಕದಲ್ಲಿ ಷಡ್ಜದಿಂದ (ಸ) ಪ್ರತಿಮಧ್ಯಮಕ್ಕೆ (ಮೇಲಿನ ಮ) ಇರುವ ದೂರ. ಅದನ್ನು ನಿಷೇಧಿಸಿದ ಒಂದೇ ಒಂದು ಆಜ್ಞೆಯೂ ಸಿಕ್ಕಿಲ್ಲ. ಹಾಡಲು ಕಷ್ಟ, ಕಿವಿಗೆ ಹಿತವಲ್ಲ ಅಂತ ಹಳೆಯ ಯುರೋಪಿನ ಸಂಗೀತಗಾರರು ದೂರ ಇಟ್ಟಿದ್ದರು, ಅಷ್ಟೆ. 1970ರಲ್ಲಿ ಬ್ಲ್ಯಾಕ್ ಸಬ್ಬತ್ ಎಂಬ ಮೆಟಲ್ ತಂಡ ತನ್ನ ಚೊಚ್ಚಲ ಆಲ್ಬಮ್ಮಿನ ಮೊದಲ ಹಾಡನ್ನು ಇದರ ಮೇಲೆಯೇ ಕಟ್ಟಿತು. ಕಥೆಗೆ ರೆಕ್ಕೆಪುಕ್ಕ ಬಂತು. ಕಲ್ಯಾಣಿ ರಾಗದಲ್ಲೂ ಇದೇ ಪ್ರತಿಮಧ್ಯಮ ಇದೆ. ಅದನ್ನು ಕೇಳಿ ಯಾರು ಹೆದರಿದ್ದಾರೆ?

ಮೈ ಜುಮ್ಮೆನ್ನಿಸುವ ಗುಟ್ಟು ಇರುವುದು ಸದ್ದಿನ ಒರಟುತನದಲ್ಲಿ. 440 ಹರ್ಟ್ಸ್‌ನ ತಂತಿಯ ಜೊತೆಗೆ 442ರ ತಂತಿಯನ್ನು ಮೀಟಿ (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ). ಸದ್ದು ಸೆಕೆಂಡಿಗೆ 2 ಸಲ ಏರಿ ಇಳಿಯುತ್ತದೆ, ಉಯ್ಯಾಲೆ ತೂಗಿದ ಹಾಗೆ. ಎರಡನೆಯದನ್ನು ಬಿಗಿ ಮಾಡುತ್ತಾ 470ಕ್ಕೆ ತನ್ನಿ. ಈಗ ಸೆಕೆಂಡಿಗೆ 30 ಸಲ. ಎಣಿಸಲು ಆಗುವುದಿಲ್ಲ. ಉಯ್ಯಾಲೆ ಹೋಗಿ ಗರಗಸ ಬಂತು! ಒಳಕಿವಿಯ ಶಂಖದಂಥ ಸುರುಳಿಯಲ್ಲಿ ಒಂದು ಪೊರೆ ಇದೆ. ಅದರ ಮೇಲೆ ಒಂದೊಂದು ಸ್ವರಕ್ಕೂ ಒಂದೊಂದು ಜಾಗ. ಹತ್ತಿರದ ಎರಡು ಸ್ವರ ಬಂದರೆ ಜಾಗ ಸಾಲದು. ಒಂದೇ ಕುರ್ಚಿಗೆ ಇಬ್ಬರು ಕಿತ್ತಾಡಿದ ಹಾಗೆ, ಒಂದೇ ಬಾಗಿಲಲ್ಲಿ ಇಬ್ಬರು ನುಗ್ಗಿದ ಹಾಗೆ. ಆ ನೂಕಾಟವೇ ನಮಗೆ ಒರಟಾಗಿ ಕೇಳಿಸುತ್ತದೆ. ಸ್ವರಗಳ ಈ ಒರಟುತನಕ್ಕೆ 1863ರಲ್ಲೇ ಕಾರಣ ಹುಡುಕಿದವನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ಓದಿದ್ದು ವೈದ್ಯಕೀಯ. ಕಣ್ಣಿನೊಳಗೆ ಇಣುಕುವ ಉಪಕರಣ ಮಾಡಿದವನೂ ಇವನೇ, ಕಿವಿಯನ್ನೂ ಬಿಡಲಿಲ್ಲ.

ಕಿರುಚಾಟದ ಒಳಗೂ ಇದೇ ಗರಗಸ. ಮಾತಾಡುವಾಗ ದನಿಯ ಏರಿಳಿತ ಸೆಕೆಂಡಿಗೆ ನಾಲ್ಕೈದು ಸಲ. ಕಿರುಚುವಾಗ 30ರಿಂದ 150 ಸಲ, ಅಂತ 2015ರ ಒಂದು ಅಧ್ಯಯನ ತೋರಿಸಿತು. ಒರಟು ಜಾಸ್ತಿ ಆದಷ್ಟೂ ಮಿದುಳಿನಲ್ಲಿ ಭಯವನ್ನು ಗುರುತಿಸುವ ಅಮಿಗ್ಡಲ ಜಾಸ್ತಿ ಚುರುಕಾಗುತ್ತದೆ. ಅಪಾಯದ ಅಲಾರಂಗಳ ಸದ್ದಿನ ಏರಿಳಿತವೂ ಇದೇ 30ರಿಂದ 150ರ ಒಳಗೆ ಬರುತ್ತದೆ.

ದುಃಖಕ್ಕೆ ಇಷ್ಟು ಅಬ್ಬರವೂ ಬೇಕಿಲ್ಲ. ಆಲ್ಬಮ್ಮಿನ ಕೊನೆಯಲ್ಲಿ ಗಿಟಾರ್ ನಿಂತು, ಅದೇ ಗಾಯಕ ಸತ್ತವರ ಹೆಸರನ್ನು ಮೆಲ್ಲಗೆ ಹೇಳಲು ಹೋಗುತ್ತಾನೆ ಅನ್ನಿ. ಅಳು ತಡೆದ ಗಂಟಲು ಬಿಗಿಯುತ್ತದೆ, ಧ್ವನಿತಂತುಗಳ ಲಯ ತಪ್ಪುತ್ತದೆ. ಹೆಸರಿನ ಎರಡನೇ ಅಕ್ಷರಕ್ಕೇ ದನಿ ಒಡೆಯುತ್ತದೆ.