ಶ್ರೋಣಿಯ ಮಹಡಿಯಂತೆ! ಎಷ್ಟನೆಯದು?

ಮೊನ್ನೆ ಒಂದು ಆರೋಗ್ಯ ಲೇಖನದಲ್ಲಿ ‘ಹೆರಿಗೆಯ ನಂತರ ಶ್ರೋಣಿಯ ಮಹಡಿ ದುರ್ಬಲವಾಗುತ್ತದೆ’ ಅಂತ ಓದಿದೆ. ಮಹಡಿ! ಇದು ಮೂರನೇ ಸಲವೋ ನಾಲ್ಕನೇ ಸಲವೋ. ಇಂಗ್ಲಿಷಿನ ಪೆಲ್ವಿಕ್ ಫ್ಲೋರ್ (ಸೊಂಟದ ಮೂಳೆಗಳ ನಡುವೆ ಕೆಳಗೆ ಹರಡಿರುವ ಸ್ನಾಯುಗಳು) ಅನ್ನುವುದನ್ನು ಅನುವಾದದ ಯಂತ್ರಕ್ಕೆ ಹಾಕಿ ಹಾಗೇ ಅಚ್ಚು ಹಾಕಿದರೆ ಇನ್ನೇನಾಗುತ್ತದೆ? ಸ್ವಲ್ಪ ಎಚ್ಚರ ಇರುವವರು ‘ಶ್ರೋಣಿಯ ನೆಲ’ ಎನ್ನುತ್ತಾರೆ. ಅದೂ ಸರಿಯಿಲ್ಲ.

ಪೆಲ್ವಿಸ್ ಅಂದರೆ ಲ್ಯಾಟಿನ್‌ನಲ್ಲಿ ಬೋಗುಣಿ. ಸೊಂಟದ ಮೂಳೆಗಳ ಕಟ್ಟು ಬೋಗುಣಿಯ ಹಾಗಿದೆ, ಅದಕ್ಕೆ ಆ ಹೆಸರು. ಆದರೆ ಅಸ್ಥಿಪಂಜರ ನೋಡಿದವರಿಗೆ ಗೊತ್ತು, ಈ ಬೋಗುಣಿಗೆ ತಳವೇ ಇಲ್ಲ. ಜನನಾಂಗದ ಮೇಲೆ ಕೈಗೆ ಸಿಗುವ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ ಹರಡಿರುವ ಸ್ನಾಯುಗಳೇ ಅದರ ತಳ. ಪಾತ್ರೆಯ ಬಾಯಿಗೆ ಕಟ್ಟಿದ ಸೋಸುವ ಬಟ್ಟೆ ನಡುವೆ ಸ್ವಲ್ಪ ಜೋಲುತ್ತದಲ್ಲ, ಹಾಗೆ. ಅದರಲ್ಲಿ ಹೆಂಗಸರಿಗೆ ಮೂರು ದಾರಿ, ಗಂಡಸರಿಗೆ ಎರಡು. ಪಾತ್ರೆಗೆ ಇರುವುದು ತಳ. ನೆಲ ಮನೆಗೆ.

ಇನ್ನು ಶ್ರೋಣಿ. ಸಂಸ್ಕೃತದಲ್ಲಿ ಸೊಂಟ, ಪೃಷ್ಠ ಅಂತ ಅರ್ಥ. ಹಳೆಯ ಕವಿಗಳು ನಾಯಕಿಯನ್ನು ಬಣ್ಣಿಸುವಾಗ ಬಳಸಿದ ಪದ. ಲ್ಯಾಟಿನ್‌ನ ‘ಕ್ಲೂನಿಸ್’ ಇದರ ದಾಯಾದಿ, ಅದಕ್ಕೂ ಪೃಷ್ಠ ಎಂದೇ ಅರ್ಥ. ಪಠ್ಯಪುಸ್ತಕದವರ ‘ವಸ್ತಿಕುಹರ’ದಲ್ಲಿ ವಸ್ತಿ ಎಂದರೆ ಮೂತ್ರಕೋಶ. ಒಬ್ಬರು ಹೊರಗಿನ ಮೈ ಹಿಡಿದರು, ಇನ್ನೊಬ್ಬರು ಒಳಗಿನ ಸಾಮಾನು. ಅಡುಗೆಮನೆಯಲ್ಲೇ ಇದ್ದ ಬೋಗುಣಿ ಯಾರ ಕಣ್ಣಿಗೂ ಬೀಳಲಿಲ್ಲ. ಇರಲಿ, ಶ್ರೋಣಿ ನಿಂತುಬಿಟ್ಟಿದೆ, ‘ಶ್ರೋಣಿಯ ತಳ’ ಅಂದರೆ ಸಾಕು.

ಪದ ಯಾವುದಾದರೇನು ಅನ್ನಬೇಡಿ. ನೆಲ ಅಂದ ಕೂಡಲೇ ಗಟ್ಟಿ, ಅಲುಗದ್ದು ಅನ್ನಿಸುತ್ತದೆ. ಈ ತಳ ದಿನವಿಡೀ ಅಲುಗುತ್ತಿರುತ್ತದೆ. ಉಸಿರು ಎಳೆದಾಗ ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಜೊತೆ ಚೂರು ತಗ್ಗುತ್ತದೆ, ಬಿಟ್ಟಾಗ ಏರುತ್ತದೆ. ಕೆಮ್ಮು, ಸೀನು ಬಂದಾಗ ತಟ್ಟನೆ ಬಿಗಿಯಬೇಕು, ತಡವಾದರೆ ಎರಡು ಹನಿ ಸೋರುತ್ತದೆ. ಮೂತ್ರಕೋಶ, ಗರ್ಭಕೋಶ, ಗುದನಾಳಕ್ಕೆ ಕೆಳಗಿನಿಂದ ಆಸರೆಯೂ ಇದೇ. ‘ಗರ್ಭಕೋಶ ಜಾರಿದೆ’ ಅನ್ನುವುದು ಈ ಆಸರೆ ಸಡಿಲವಾದಾಗ.

ಇದರಲ್ಲೇ ಒಂದು ಪಟ್ಟಿ ಗುದನಾಳವನ್ನು ಹಿಂದಿನಿಂದ ಬಳಸಿ ಮುಂದಕ್ಕೆ ಎಳೆದು ಹಿಡಿದಿರುತ್ತದೆ. ನೀರಿನ ಪೈಪು ಮಡಚಿ ಹಿಡಿದ ಹಾಗೆ. ಕುಕ್ಕರಗಾಲಲ್ಲಿ ಕೂತಾಗ ಆ ಮಡಿಕೆ ಹೆಚ್ಚು ನೆಟ್ಟಗಾಗುತ್ತದೆ. ಹಳೇ ಕಕ್ಕಸಿನ ಗುಟ್ಟು ಅಷ್ಟೇ. ಕಮೋಡಿಗೆ ಹೋದವರು ಕಾಲಡಿ ಒಂದು ಮಣೆ ಇಟ್ಟುಕೊಳ್ಳುವುದೂ ಅದಕ್ಕೇ.

‘ಹೆಂಗಸರ ಸ್ನಾಯು’ ಅನ್ನುವವರಿಗೆ: ಗಂಡಸರಿಗೂ ಇದೆ ಸ್ವಾಮಿ. ಪ್ರಾಸ್ಟೇಟ್ ಆಪರೇಷನ್ ಆಗಿ ಮೂತ್ರ ಸೋರುವವರನ್ನು ಕೇಳಿ. ನಾಯಿಗೂ ಇದೆ, ಅದು ಬಾಲ ಆಡಿಸುವುದು ಇದೇ ಸ್ನಾಯುಗಳ ಸಹಾಯದಿಂದ.

‘ಕೆಗೆಲ್ ಸ್ನಾಯು’ ಅಂತ ಬರೆಯುವವರೂ ಇದ್ದಾರೆ. ಕೆಗೆಲ್ ಮನುಷ್ಯನ ಹೆಸರು. ಆರ್ನಲ್ಡ್ ಕೆಗೆಲ್, ಅಮೆರಿಕದ ಸ್ತ್ರೀರೋಗ ತಜ್ಞ, 1948ರಲ್ಲಿ ಈ ತಳವನ್ನು ಬಲಪಡಿಸುವ ವ್ಯಾಯಾಮದ ಬಗ್ಗೆ ಬರೆದವರು. ನಾಲ್ಕು ಜನರ ಮಧ್ಯೆ ಹೂಸು ತಡೆಯುತ್ತೀರಲ್ಲ, ಆ ಎಳೆತವೇ ವ್ಯಾಯಾಮ. ಹೊಟ್ಟೆ ಒಳಗೆಳೆದು ಉಸಿರು ಕಟ್ಟಿ ನಿಂತರೆ ಅದು ಬೇರೇನೋ. ದಿನಾ ಮೂತ್ರವನ್ನು ಅರ್ಧಕ್ಕೆ ನಿಲ್ಲಿಸಿ ಅಭ್ಯಾಸ ಮಾಡಿ ಅನ್ನುವ ಸಲಹೆಯನ್ನಂತೂ ಬಿಟ್ಟುಬಿಡಿ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು.

ಬಿಗಿದ ಮೇಲೆ ಪೂರ್ತಿ ಸಡಿಲ ಬಿಡುವುದೂ ವ್ಯಾಯಾಮದ ಭಾಗವೇ. ಸದಾ ಬಿಗಿದೇ ಇರುವ ತಳದಿಂದ ನೋವು, ಮಲಬದ್ಧತೆ ಬರುತ್ತವೆ. ಅಂಥವರು ಸುಮ್ನೆ ಕೆಗೆಲ್ ಮಾಡುತ್ತಾ ಹೋದರೆ ತೊಂದರೆ ಜಾಸ್ತಿಯಾಗಬಹುದು, ಮೊದಲು ಫಿಸಿಯೋಥೆರಪಿಯವರಿಗೆ ತೋರಿಸಬೇಕು. ಆ ಲೇಖನದಲ್ಲಿ ಮಹಡಿಯನ್ನು ಬಲಪಡಿಸಿ ಅಂತ ಐದು ಕಡೆ ಇತ್ತು. ಸಡಿಲ ಬಿಡಿ ಅಂತ ಒಂದು ಕಡೆಯೂ ಇರಲಿಲ್ಲ.