ಸಂಸ್ಕೃತ ಬಲ್ಲವರಿಗೆ ಗಾಥಾಗಳು ಅರ್ಥವಾಗುತ್ತವೆಯೇ?

ಪ್ರಶ್ನೆ: ಪಾರ್ಸಿಗಳ ಧರ್ಮಗ್ರಂಥವಾದ ಅವೆಸ್ತಾದ ಭಾಷೆ ವೇದಭಾಷೆಯ ಅವಳಿ ಎನ್ನುತ್ತಾರೆ. ಹಾಗಿದ್ದರೆ ಸಂಸ್ಕೃತ ಕಲಿತವರು ಅದರಲ್ಲಿನ ಗಾಥಾಗಳನ್ನು, ಅಂದರೆ ಆ ಧರ್ಮದ ಪ್ರವರ್ತಕ ಜರತುಷ್ಟ್ರನ ಸೂಕ್ತಗಳನ್ನು, ನೇರವಾಗಿ ಓದಿಕೊಳ್ಳಬಹುದೇ?

ಉತ್ತರ: ವ್ಯಾಕರಣ ಬಹುಮಟ್ಟಿಗೆ ಹಿಡಿತಕ್ಕೆ ಬರುತ್ತದೆ, ಅರ್ಥ ಬರುವುದಿಲ್ಲ.

‘ಅವಳಿ’ ಎನ್ನುವವರು ಸಾಮಾನ್ಯವಾಗಿ ತೋರಿಸುವುದು ಮಿಥ್ರನ ಸ್ತುತಿಯ ಈ ಪದ್ಯವನ್ನು: ‘ತೆಮ್ ಅಮವಂತೆಮ್ ಯಜ಼ತೆಮ್, ಸೂರೆಮ್ ದಾಮೋಹು ಸೆವಿಷ್ಟೆಮ್, ಮಿಥ್ರೆಮ್ ಯಜ಼ಾಯ್ ಜ಼ಓಥ್ರಾಬ್ಯೋ’. ಧ್ವನಿಗಳನ್ನಷ್ಟೇ ಬದಲಿಸಿದರೆ ‘ತಮ್ ಅಮವಂತಂ ಯಜತಂ, ಶೂರಂ ಧಾಮಸು ಶವಿಷ್ಠಂ, ಮಿತ್ರಂ ಯಜೈ ಹೋತ್ರಾಭ್ಯಃ’ ಎಂದಾಗುತ್ತದೆ. ಬೆರಗಾಗುವಂಥದ್ದೇ. ಆದರೆ ಇದು ಆರಿಸಿ ತೆಗೆದ ಪದ್ಯ. ಮೇಲಾಗಿ ಇದು ಗಾಥಾ ಅಲ್ಲ, ನಂತರದ ಕಾಲದ ಅವೆಸ್ತಾ. ಗಾಥಾಗಳು ಇರುವುದು ಪೂಜಾವಿಧಿಯಲ್ಲಿ ಪಠಿಸುವ, 72 ಅಧ್ಯಾಯಗಳ ‘ಯಸ್ನ’ ಎಂಬ ಭಾಗದೊಳಗೆ: 28ರಿಂದ 34, 43ರಿಂದ 51, ಮತ್ತು 53. ಒಟ್ಟು 17 ಸೂಕ್ತ, 238 ಪದ್ಯ.

ಮೊದಲು ಧ್ವನಿಗಳ ಲೆಕ್ಕಾಚಾರ. ಸ್ವರದ ಮುಂದಿನ ‘ಸ’ ಅಲ್ಲಿ ‘ಹ’: ಸೋಮ–ಹಓಮ, ಸಪ್ತ–ಹಪ್ತ, ಅಸುರ–ಅಹುರ. ಪಾಲು ಹಾಲಾದದ್ದನ್ನು ಬಲ್ಲ ಕನ್ನಡಿಗರಿಗೆ ಇದು ಹೊಸತಲ್ಲ. ಅಪ್ಪ, ಉಪ್ಪುಗಳಲ್ಲಿ ‘ಪ’ ಉಳಿದಂತೆ ಅಲ್ಲೂ ‘ತ’ದ ಮುಂದೆ ‘ಸ’ ಉಳಿಯುತ್ತದೆ. ‘ಅಸ್ತಿ’ ಎರಡೂ ಕಡೆ ‘ಅಸ್ತಿ’ಯೇ. ಸಂಸ್ಕೃತದ ‘ಹ’ ಅಲ್ಲಿ ಹೆಚ್ಚಾಗಿ ‘ಜ಼’: ಹಸ್ತ–ಜ಼ಸ್ತ, ಬಾಹು–ಬಾಜ಼ು. ‘ಶ’ ಅಲ್ಲಿ ‘ಸ’: ಶತ–ಸತ, ದಶ–ದಸ, ‘ಶ್ವ’ ಮಾತ್ರ ‘ಸ್ಪ’, ಹಾಗಾಗಿ ಅಶ್ವ–ಅಸ್ಪ. ಘೋಷ ಮಹಾಪ್ರಾಣಗಳು ಅಲ್ಪಪ್ರಾಣವಾಗುತ್ತವೆ: ಭ್ರಾತರ್–ಬ್ರಾತರ್. ಮಿಥ್ರದ ‘ಥ’ ಮಹಾಪ್ರಾಣವಲ್ಲ, ಹಲ್ಲುಗಳ ನಡುವೆ ನಾಲಗೆ ಇಟ್ಟು ಗಾಳಿ ಬಿಡುವ ಧ್ವನಿ. ತಲೆ ಕೆಡಿಸುವುದು ‘ಋತ’ ‘ಅಶ’ ಆಗಿರುವುದು. ಅದೇ ದಾರಿಯಲ್ಲಿ ‘ಮರ್ತ್ಯ’ ‘ಮಶ್ಯ’ ಆಗಿದೆ. ಎಂಟು ವಿಭಕ್ತಿ, ಮೂರು ಲಿಂಗ, ದ್ವಿವಚನ, ಎಲ್ಲವೂ ಪರಿಚಿತವೇ.

ಇಷ್ಟು ಕೈಯಲ್ಲಿ ಹಿಡಿದು 44ನೇ ಅಧ್ಯಾಯದಿಂದ ಶುರುಮಾಡುವುದು ಒಳ್ಳೆಯದು. ಅದರ 20 ಪದ್ಯಗಳಲ್ಲಿ 19 ಒಂದೇ ಸಾಲಿನಿಂದ ಆರಂಭವಾಗುತ್ತವೆ: ‘ತತ್ ಥ್ವಾ ಪೆರೆಸಾ, ಎರೆಶ್ ಮೋಯ್ ವಓಚಾ, ಅಹುರಾ’. ‘ಇದನ್ನು ನಿನ್ನ ಕೇಳುತ್ತೇನೆ, ನನಗೆ ನೆಟ್ಟಗೆ ಹೇಳು, ಅಹುರ.’ ‘ಪೆರೆಸಾ’ದಲ್ಲಿ ಪೃಚ್ಛೆಯನ್ನು, ‘ಮೋಯ್’ನಲ್ಲಿ ‘ಮೇ’ಯನ್ನು, ‘ವಓಚಾ’ದಲ್ಲಿ ವಚ್ ಧಾತುವನ್ನು ಗುರುತಿಸಬಹುದು. ಮೂರನೆಯ ಪದ್ಯ ಋತಕ್ಕೆ ಮೊದಲ ತಂದೆ ಯಾರು ಎನ್ನುತ್ತದೆ. ಅಲ್ಲಿನ ‘ಪತಾ ಅಶಹ್ಯಾ’ ನಮ್ಮ ‘ಪಿತಾ ಋತಸ್ಯ’. ಸೂರ್ಯನಿಗೂ ನಕ್ಷತ್ರಗಳಿಗೂ ‘ಅದ್ವಾನ’ವನ್ನು ಇಟ್ಟವನು ಯಾರು ಎಂಬುದು ಮುಂದಿನ ಪ್ರಶ್ನೆ. ಅದು ಸಂಸ್ಕೃತದ ‘ಅಧ್ವನ್’, ದಾರಿ; ಕನ್ನಡದ ಅದ್ವಾನ ಅಲ್ಲ!

ಇನ್ನು ಎಡವುವ ಜಾಗಗಳು. ‘ದಏವ’ ಎಂದರೆ ದೇವ ಎಂದುಕೊಂಡರೆ ಕೆಟ್ಟಿತು. ಗಾಥಾಗಳಲ್ಲಿ ದಏವರು ತಿರಸ್ಕೃತರು, ಅಹುರನೇ ಒಡೆಯ. ಋಗ್ವೇದದಲ್ಲಿ ವರುಣನನ್ನೂ ‘ಅಸುರ’ ಎಂದಿರುವುದನ್ನು ನೆನೆದರೆ ಗೊಂದಲ ಕಡಿಮೆಯಾದೀತು. ಇದಕ್ಕಿಂತ ಕಷ್ಟದ್ದು ಪಠ್ಯದ ಗಾತ್ರ. ಋಗ್ವೇದದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂತ್ರಗಳಿವೆ, ಒಂದು ಪದ ತಿಳಿಯದಿದ್ದರೆ ಇನ್ನೊಂದು ಪ್ರಯೋಗ ಹುಡುಕಬಹುದು. 238 ಪದ್ಯಗಳಲ್ಲಿ ಒಮ್ಮೆ ಮಾತ್ರ ಬರುವ ಪದಕ್ಕೆ ಆ ಆಸರೆಯಿಲ್ಲ. ಮೊದಲ ಸೂಕ್ತದ ಆರಂಭದ ‘ಅಹ್ಯಾ ಯಾಸಾ ನೆಮಙ್ಹಾ ಉಸ್ತಾನಜ಼ಸ್ತೋ’ ಋಗ್ವೇದದ ‘ಉತ್ತಾನಹಸ್ತೋ ನಮಸಾ’ ಎಂಬುದರ ತದ್ರೂಪ: ಕೈಚಾಚಿ, ನಮಿಸಿ ಬೇಡುವುದು. ಅದೇ ಪದ್ಯ ಮುಗಿಯುವುದು ‘ಗೋವಿನ ಆತ್ಮ’ವನ್ನು ತೃಪ್ತಿಪಡಿಸುವ ಮಾತಿನಿಂದ. ಪದಗಳೆಲ್ಲ ಬಿಡಿಸಿದರೂ ಆ ಗೋವು ಯಾರು ಎಂಬ ಬಗ್ಗೆ ವಿದ್ವಾಂಸರ ಜಗಳ ಮುಗಿದಿಲ್ಲ.

ಪಾರ್ಸಿ ಪಂಡಿತ ನೆರ್ಯೋಸಂಗ ಧವಲನ ಸಂಸ್ಕೃತ ಅನುವಾದ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಮೂಲದಿಂದ ಆದದ್ದಲ್ಲ, ಪಹ್ಲವಿ (ಮಧ್ಯಕಾಲದ ಪರ್ಷಿಯನ್) ಅನುವಾದದಿಂದ ಆದದ್ದು. ಗಾಥಾಗಳ ವಿಭಕ್ತಿಗಳು ಪಹ್ಲವಿ ಅನುವಾದಕರಿಗೆ ಎಷ್ಟೋ ಕಡೆ ತಿಳಿದಿರಲಿಲ್ಲ, ಪದಕ್ಕೆ ಪದವಿಟ್ಟರು. ಆ ತಪ್ಪುಗಳು ಸಂಸ್ಕೃತಕ್ಕೂ ಹರಿದು ಬಂದಿವೆ.

ಛಂದಸ್ಸು ನೆರವಾಗುತ್ತದೆ, ಆದರೆ ಬರೆದಂತೆ ಎಣಿಸಬಾರದು. 44ನೇ ಅಧ್ಯಾಯದ ಸಾಲು 4+7 ಅಕ್ಷರಗಳದ್ದು, ನಮ್ಮ ತ್ರಿಷ್ಟುಪ್ಪಿನಂತೆ 11. ಪಠಿಸುವಾಗ ನುಸುಳಿದ ಸ್ವರಗಳನ್ನೂ ಲಿಪಿಕಾರರು ದಾಖಲಿಸಿದ್ದರಿಂದ ಎಣಿಕೆ ಹೆಚ್ಚುಕಡಿಮೆಯಾಗುತ್ತದೆ. ‘ಪೆರೆಸಾ’ದ ಎರಡನೆಯ ‘ಎ’ ಅಂಥದ್ದು. ಅದನ್ನು ಬಿಟ್ಟು ಎರಡೇ ಅಕ್ಷರ ಎಂದು ಎಣಿಸಿದರೆ ‘ತತ್ ಥ್ವಾ ಪೆರೆಸಾ’ ನಾಲ್ಕಕ್ಕೆ ಸರಿಹೊಂದುತ್ತದೆ. ಪದದ ಕೊನೆಯ ಸ್ವರವನ್ನೆಲ್ಲ ಗಾಥಾಗಳು ದೀರ್ಘವಾಗಿ ಬರೆಯುತ್ತವೆ. ‘ಅಹುರಾ’ ಎಂಬ ಸಂಬೋಧನೆ ಹೀಗೇ ಬಂದದ್ದು.

ಬಲದಿಂದ ಎಡಕ್ಕೆ ಸಾಗುವ ಲಿಪಿಯನ್ನು ಕೊನೆಗಿಟ್ಟುಕೊಳ್ಳಿ. ಇರಾನಿನ ಸಾಸಾನಿ ದೊರೆಗಳ ಕಾಲದಲ್ಲಿ, ಪಠಣವನ್ನು ಇದ್ದಂತೆ ಹಿಡಿದಿಡಲೆಂದೇ ಹುಟ್ಟಿದ ಐವತ್ತಕ್ಕೂ ಮಿಕ್ಕಿದ ಅಕ್ಷರಗಳು ಅದರಲ್ಲಿವೆ. ಪ್ರತಿ ಪದದ ನಂತರ ಒಂದು ಚುಕ್ಕೆ ಇರುತ್ತದೆ, ಸಂಧಿ ಬಿಡಿಸುವ ಕಷ್ಟ ಹೆಚ್ಚಿಲ್ಲ. ಯಸ್ನದ ಹಳೆಯ ಎರಡು ಹಸ್ತಪ್ರತಿಗಳು ಸಿದ್ಧವಾದದ್ದು ಗುಜರಾತಿನ ಖಂಭಾತಿನಲ್ಲಿ, 1323ರಲ್ಲಿ, ಮಿಹ್ರಬಾನ್ ಕೈಖುಸ್ರೋ ಎಂಬ ಒಬ್ಬನೇ ಲಿಪಿಕಾರನ ಕೈಯಿಂದ. ಒಂದು ಈಗ ಆಕ್ಸ್‌ಫರ್ಡಿನಲ್ಲಿದೆ.