ಎಂಜಿನ್ನಿಗೆ ನೀರು ಸಿಂಪಡಿಸಿದರೆ ಮೈಲೇಜು ಹೆಚ್ಚುತ್ತದೆಯೇ?

ಪ್ರಶ್ನೆ: ಗಾಳಿಯ ಜೊತೆ ಎಂಜಿನ್ನಿನೊಳಕ್ಕೆ ನೀರು ಸಿಂಪಡಿಸಿದರೆ ಶಕ್ತಿಯೂ ಮೈಲೇಜೂ ಹೆಚ್ಚುತ್ತವೆ ಎನ್ನುತ್ತಾರೆ. ನೀರು ಒಳಗೆ ಜಲಜನಕವಾಗಿ ಒಡೆದು ಉರಿಯುತ್ತದಂತೆ. ನನ್ನ 1.2 ಲೀಟರಿನ ಪೆಟ್ರೋಲ್ ಕಾರಿಗೆ ಇದನ್ನು ಹಾಕಿಸಬಹುದೇ?

ಉತ್ತರ: ಹಾಕಿಸಬೇಡಿ. ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಆದರೂ ಅದು ಮತ್ತೆ ಮತ್ತೆ ಬರುವುದಕ್ಕೆ ಕಾರಣವೆಂದರೆ ಅದರಲ್ಲಿ ಒಂದು ನಿಜವೂ ಒಂದು ಸುಳ್ಳೂ ಒಟ್ಟಿಗೆ ಅಂಟಿಕೊಂಡಿವೆ. ನೀರಿನ ಸಿಂಪಡಣೆಯಿಂದ ಕೆಲವು ಎಂಜಿನ್ನುಗಳ ಶಕ್ತಿ ಹೆಚ್ಚುವುದು ನಿಜ. ನೀರು ಒಳಗೆ ಉರಿಯುತ್ತದೆ ಎಂಬುದು ಸುಳ್ಳು.

ಮೊದಲು ನಿಜವನ್ನು ನೋಡೋಣ. ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಜ್ವಾಲೆ ಸಿಲಿಂಡರಿನಲ್ಲಿ ಹರಡುತ್ತಾ ಹೋಗುವಾಗ, ಅದು ಇನ್ನೂ ತಲುಪದ ಮೂಲೆಯಲ್ಲಿರುವ ಮಿಶ್ರಣವು ಬಿಸಿ ಮತ್ತು ಒತ್ತಡವನ್ನು ತಾಳಲಾರದೆ ತಾನಾಗಿಯೇ ಒಮ್ಮೆಲೇ ಸಿಡಿಯುವುದುಂಟು. ಮೆಕ್ಯಾನಿಕ್ಕುಗಳು ನಾಕಿಂಗ್ ಎನ್ನುವುದು ಇದನ್ನೇ. ತರಗತಿಯಲ್ಲಿ ಈ ಪಾಠ ಬಂದಾಗ ನಾನು ಬೋರ್ಡಿನ ಮೇಲೆ ಬರೆಯುವ ಮೊದಲು ಒಂದು ಹಳೆಯ ಪಿಸ್ಟನ್ನನ್ನು ವಿದ್ಯಾರ್ಥಿಗಳ ಕೈಗೆ ಕೊಡುತ್ತೇನೆ. ಅದರ ತಲೆಯ ಅಂಚು ಇಲಿ ಕಡಿದಂತೆ ಸವೆದಿದೆ. ಬೆರಳಾಡಿಸಿದರೆ ಸಣ್ಣ ಸಣ್ಣ ಗುಳಿಗಳು ಸಿಗುತ್ತವೆ. ಅದನ್ನು ಒಮ್ಮೆ ಮುಟ್ಟಿ ನೋಡಿದವರಿಗೆ ನಾಕಿಂಗ್ ಎಂದರೇನೆಂದು ಎರಡನೆಯ ಸಲ ಹೇಳಬೇಕಾಗಿ ಬಂದಿಲ್ಲ.

ಈ ಅಪಾಯವನ್ನು ತಪ್ಪಿಸಲು ಎಂಜಿನ್ನಿನ ಕಂಪ್ಯೂಟರು ಕಿಡಿಯನ್ನು ತುಸು ತಡವಾಗಿ ಹೊತ್ತಿಸುತ್ತದೆ. ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಎಂಜಿನ್ನುಗಳಲ್ಲಿ ಭಾರ ವಿಪರೀತವಾದಾಗ, ಬರೀ ತಂಪು ಮಾಡುವುದಕ್ಕೆಂದೇ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲನ್ನೂ ಸುರಿಯುತ್ತದೆ. ಮೊದಲನೆಯದರಿಂದ ಶಕ್ತಿ ಕುಗ್ಗುತ್ತದೆ, ಎರಡನೆಯದರಿಂದ ಇಂಧನ ಪೋಲಾಗುತ್ತದೆ. ಒಂದು ಕಿಲೋ ಪೆಟ್ರೋಲ್ ಆವಿಯಾಗುವಾಗ ಹೀರುವ ಶಾಖ ಸುಮಾರು 350 ಕಿಲೋಜೂಲ್. ಒಂದು ಕಿಲೋ ನೀರು ಆವಿಯಾಗಲು ಬೇಕಾದ ಶಾಖ ಸುಮಾರು 2,257 ಕಿಲೋಜೂಲ್. ತಂಪು ಮಾಡುವುದೇ ಉದ್ದೇಶವಾದರೆ ಅಲ್ಲಿ ಪೆಟ್ರೋಲಿಗಿಂತ ನೀರು ಆರು ಪಟ್ಟು ಸಮರ್ಥ. ಇಡೀ ತಂತ್ರದ ಗುಟ್ಟು ಇಷ್ಟೇ.

ಇದು ಹೊಸ ಶೋಧವೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಪಿ-47 ಯುದ್ಧವಿಮಾನದ ಎಂಜಿನ್ 2,000 ಅಶ್ವಶಕ್ತಿಯಿಂದ 2,300ಕ್ಕೆ ಏರಿದ್ದು ನೀರಿನ ನೆರವಿನಿಂದ. ಜರ್ಮನ್ನರು ನೀರಿಗೆ ಅರ್ಧದಷ್ಟು ಮೆಥನಾಲ್ ಬೆರೆಸಿ ಎಂಡಬ್ಲ್ಯೂ 50 ಎಂದು ಕರೆದರು. ಅದನ್ನು ಒಮ್ಮೆಗೆ ಸುಮಾರು 10 ನಿಮಿಷಕ್ಕಿಂತ ಹೆಚ್ಚು ಬಳಸುವಂತಿರಲಿಲ್ಲ. ಕಾರುಗಳಲ್ಲಿ 1962ರ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಇದೇ ದಾರಿ ಹಿಡಿಯಿತು, ಆದರೆ ಮಾಲೀಕರು ದ್ರವ ತುಂಬಿಸಲು ಮರೆಯತೊಡಗಿದರು. ಕೊನೆಗೆ ಎಷ್ಟೋ ಕಾರುಗಳಿಂದ ಟರ್ಬೊವನ್ನೇ ಕಳಚಿ ಮಾಮೂಲಿ ಕಾರ್ಬ್ಯುರೇಟರ್ ಕೂರಿಸಬೇಕಾಯಿತು. 2016ರ ಬಿಎಂಡಬ್ಲ್ಯೂ ಎಂ4 ಜಿಟಿಎಸ್ ಕಾರಿನ ಡಿಕ್ಕಿಯಲ್ಲಿ ನೀರಿಗಾಗಿಯೇ 5 ಲೀಟರಿನ ಟ್ಯಾಂಕ್ ಇದೆ. ಅದಕ್ಕೆ ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್. ಆ ವ್ಯವಸ್ಥೆಯನ್ನು ರೂಪಿಸಿದ ಬಾಷ್ ಕಂಪನಿ ಇಂಧನದಲ್ಲಿ ಶೇ. 13ರವರೆಗೆ ಉಳಿತಾಯವಾಗುತ್ತದೆ ಎಂದದ್ದು ರಭಸದ ವೇಗವರ್ಧನೆ ಮತ್ತು ಹೆದ್ದಾರಿಯ ವೇಗದ ಓಟವನ್ನು ಕುರಿತು. ಟರ್ಬೊ ಇಲ್ಲದ ನಿಮ್ಮ 1.2 ಲೀಟರಿನ ಎಂಜಿನ್ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳುವಾಗ ನಾಕಿಂಗೂ ಇರುವುದಿಲ್ಲ, ಹೆಚ್ಚುವರಿ ಪೆಟ್ರೋಲೂ ಸುರಿಯುವುದಿಲ್ಲ. ಇಲ್ಲದ ರೋಗಕ್ಕೆ ನೀರು ಯಾವ ಮದ್ದನ್ನು ಕೊಡಬೇಕು?

ಈಗ ಆ ಸುಳ್ಳಿಗೆ ಬರುತ್ತೇನೆ. ಜಲಜನಕ ಉರಿದಾಗ ಉಂಟಾಗುವುದೇ ನೀರು. ಅಂದರೆ ನೀರು ಜಲಜನಕದ ಬೂದಿ. ಒಲೆಯ ಬೂದಿಯನ್ನು ಮತ್ತೆ ಒಲೆಗೆ ತುಂಬಿ ಅನ್ನ ಬೇಯಿಸುವುದು ಹೇಗೆ ಸಾಧ್ಯವಿಲ್ಲವೋ ಇದೂ ಹಾಗೆಯೇ. ಚಳಿಗಾಲದ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನ ತುದಿಯಿಂದ ತೊಟ್ಟಿಕ್ಕುವ ನೀರನ್ನು ನೀವೆಲ್ಲ ನೋಡಿದ್ದೀರಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಸಿಲಿಂಡರಿನೊಳಗೆ ನೀರು ಇಂಧನವಾಗುವಂತಿದ್ದರೆ, ತಾನೇ ಹುಟ್ಟಿಸಿದ ಆ ನೀರನ್ನು ಎಂಜಿನ್ ಹೊರಕ್ಕೆ ಕಳಿಸುತ್ತಲೇ ಇರಲಿಲ್ಲ.

ಜ್ವಾಲೆಯ ಬಿಸಿಗೆ ನೀರು ಒಡೆಯುವುದಿಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಅಷ್ಟು ಬಿಸಿಯಲ್ಲಿ ನೂರಕ್ಕೆ ಕೆಲವೇ ಪಾಲು ಒಡೆಯುತ್ತದೆ, ಒಡೆಯುವಾಗ ಅದೇ ಜ್ವಾಲೆಯ ಶಾಖವನ್ನು ಹೀರುತ್ತದೆ, ತಣಿಯುತ್ತಿದ್ದಂತೆ ಮತ್ತೆ ಕೂಡಿಕೊಂಡು ಹೀರಿದ್ದನ್ನಷ್ಟೇ ಹಿಂದಿರುಗಿಸುತ್ತದೆ. ಇದರಲ್ಲಿ ಲಾಭದ ಮಾತೇ ಇಲ್ಲ.

ಇನ್ನು ಬ್ಯಾಟರಿಯಿಂದ ವಿದ್ಯುತ್ ಹರಿಸಿ ನೀರನ್ನು ಒಡೆಯುವ ಕಿಟ್ಟುಗಳು. ಉಪ್ಪಿನಕಾಯಿ ಜಾಡಿಯಷ್ಟು ದೊಡ್ಡ ಡಬ್ಬಿಯಲ್ಲಿ ಸ್ಟೀಲಿನ ತಗಡುಗಳನ್ನು ಜೋಡಿಸಿ ಒಬ್ಬ ವಿದ್ಯಾರ್ಥಿ ನನ್ನ ಬಳಿಗೆ ತಂದಿದ್ದ; ಅದರಲ್ಲಿ ಗುಳ್ಳೆಗಳು ಚೆನ್ನಾಗಿಯೇ ಏಳುತ್ತಿದ್ದವು. ನಾನು ಅವನ ಕೈಗೆ ಸೀಮೆಸುಣ್ಣ ಕೊಟ್ಟು ಲೆಕ್ಕ ಮಾಡಿಸಿದೆ. 12 ವೋಲ್ಟಿನಲ್ಲಿ 20 ಆಂಪಿಯರ್ ಎಂದರೆ 240 ವಾಟ್. ಎಂಜಿನ್ನಿನಿಂದ ತಿರುಗಿ ವಿದ್ಯುತ್ ಹುಟ್ಟಿಸುವ, ಶೇ. 60ರಷ್ಟು ದಕ್ಷತೆಯ ಆಲ್ಟರ್ನೇಟರು ಅಷ್ಟನ್ನು ಕೊಡಬೇಕಾದರೆ ಎಂಜಿನ್ನಿನಿಂದ 400 ವಾಟ್ ಕಿತ್ತುಕೊಳ್ಳುತ್ತದೆ. ಆ ಡಬ್ಬಿಯಿಂದ ಹೊರಬರುವ ಅನಿಲದಲ್ಲಿ ಹೆಚ್ಚೆಂದರೆ 180 ವಾಟಿನಷ್ಟು ಶಕ್ತಿಯಿರುತ್ತದೆ, ಅದನ್ನು ಉರಿಸಿದ ಎಂಜಿನ್ ಚಕ್ರಕ್ಕೆ ಮುಟ್ಟಿಸುವುದು ಅದರ ಮೂರನೇ ಒಂದು ಭಾಗಕ್ಕೂ ಕಡಿಮೆ, ಅಂದರೆ 50 ವಾಟಿನ ಆಸುಪಾಸು. ಕೊಟ್ಟದ್ದು 400, ಬಂದದ್ದು 50. ಹುಡುಗ ತುಂಬ ಹೊತ್ತು ಬೋರ್ಡನ್ನೇ ನೋಡುತ್ತಾ ನಿಂತಿದ್ದ. ಆಮೇಲೆ ತಾನಾಗಿಯೇ ಡಬ್ಬಿಯನ್ನು ಬಿಚ್ಚಿ ತಗಡುಗಳನ್ನು ವರ್ಕ್‌ಶಾಪಿನ ಕಪಾಟಿನಲ್ಲಿಟ್ಟ. ಅವನ ಬಗ್ಗೆ ನನಗೆ ಈಗಲೂ ಹೆಮ್ಮೆಯಿದೆ. ನೀರಿನಿಂದ ಕಾರು ಓಡಿಸುತ್ತೇನೆಂದು ಹೂಡಿಕೆದಾರರಿಂದ ಹಣ ಪಡೆದಿದ್ದ ಸ್ಟ್ಯಾನ್ಲಿ ಮೇಯರನ ಯಂತ್ರವನ್ನು 1996ರಲ್ಲಿ ಅಮೆರಿಕದ ಓಹಾಯೊದ ನ್ಯಾಯಾಲಯದ ಮುಂದೆ ತಜ್ಞರು ಪರೀಕ್ಷಿಸಿದಾಗಲೂ ಕಂಡದ್ದು ಮಾಮೂಲಿ ವಿದ್ಯುದ್ವಿಭಜನೆಯೇ. ನ್ಯಾಯಾಲಯ ಅದನ್ನು ವಂಚನೆ ಎಂದು ತೀರ್ಮಾನಿಸಿ ಹಣ ಮರಳಿಸಲು ಹೇಳಿತು.

ಮಳೆಯ ಸಂಜೆ ಗಾಡಿ ಹಗುರವಾಗಿ ಓಡುತ್ತದಲ್ಲ, ಅದು ನೀರಿನ ಮಹಿಮೆಯಲ್ಲವೇ ಎಂದೂ ಕೇಳುತ್ತಾರೆ. ಅಲ್ಲ, ಅದು ತಂಪು ಗಾಳಿಯ ಗುಣ. ತಣ್ಣನೆಯ ಗಾಳಿ ದಟ್ಟವಾಗಿರುವುದರಿಂದ ಅದರಲ್ಲಿ ಆಮ್ಲಜನಕ ಹೆಚ್ಚಿರುತ್ತದೆ. ತೇವಾಂಶವಾದರೋ ಆಮ್ಲಜನಕದ ಜಾಗವನ್ನು ಅಷ್ಟಿಷ್ಟು ಕಸಿದುಕೊಳ್ಳುತ್ತದೆ. ಸಿಲಿಂಡರಿನ ಮೇಲ್ಭಾಗವನ್ನು ಸೋರದಂತೆ ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಗಿ, ಎಂಜಿನ್ನನ್ನು ತಂಪು ಮಾಡುವ ನೀರು ಬೆರೆತ ಕೂಲೆಂಟ್ ಒಳಕ್ಕೆ ಸೋರಿದ ಸಿಲಿಂಡರಿನ ಪಿಸ್ಟನ್ ಮಾತ್ರ ತೊಳೆದಂತೆ ಹೊಳೆಯುತ್ತಿರುವುದನ್ನು ಮೆಕ್ಯಾನಿಕ್ಕುಗಳು ತೋರಿಸುತ್ತಾರೆ. ಅದು ನಿಜ, ಹಬೆ ಮಸಿಯನ್ನು ಎಬ್ಬಿಸುತ್ತದೆ. ಆದರೆ ಪಿಸ್ಟನ್ ಶುಭ್ರವಾದ ಮಾತ್ರಕ್ಕೆ ನೀರು ಉರಿಯಿತೆಂದು ಹೇಳಲಾಗದು.

ಯಾರೂ ಕೇಳದ, ಆದರೆ ಕೇಳಬೇಕಾದ ಇನ್ನೊಂದು ವಿಷಯವಿದೆ. ನೀರು ಎಂಜಿನ್ನಿಗೆ ಒಳ್ಳೆಯದೇ ಆದರೆ ಬೆಂಗಳೂರಿನ ಅಂಡರ್‌ಪಾಸುಗಳಲ್ಲಿ ಮಳೆನೀರಿಗೆ ಇಳಿದ ಕಾರುಗಳ ಎಂಜಿನ್ ಏಕೆ ಮುರಿಯುತ್ತದೆ? ಎರಡೂ ಕಡೆ ನೀರು ಹೋಗುವುದು ಗಾಳಿಯ ದಾರಿಯಿಂದಲೇ, ವ್ಯತ್ಯಾಸವಿರುವುದು ಪ್ರಮಾಣದಲ್ಲಿ. ನಿಮ್ಮ ಕಾರಿನ ಗಾತ್ರದ ಎಂಜಿನ್ನಿನಲ್ಲಿ ಸಿಂಪಡಿಸಬೇಕಾದ ನೀರು ಒಂದು ಸಿಲಿಂಡರಿಗೆ ಒಂದು ಸಲಕ್ಕೆ ಸುಮಾರು 10 ಮಿಲಿಗ್ರಾಂ, ಅಂದರೆ ಒಂದು ಹನಿಯ ಐದನೇ ಒಂದು ಪಾಲು. ನಾಲ್ಕು ಸಿಲಿಂಡರಾದರೆ ಒಂದೊಂದರ ಅಳತೆ 300 ಸಿಸಿ. ಸಂಕೋಚನ 11ಕ್ಕೆ 1 ಎಂದಿಟ್ಟುಕೊಂಡರೆ, ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಬರೀ 30 ಸಿಸಿ. ಎರಡು ದೊಡ್ಡ ಚಮಚ ನೀರು ಸಾಕು, ಆ ಜಾಗ ತುಂಬಿಹೋಗುತ್ತದೆ. ಗಾಳಿಯಂತೆ ನೀರು ಅದುಮಿಸಿಕೊಳ್ಳುವುದಿಲ್ಲ. ಪಿಸ್ಟನ್ ನಿಲ್ಲುತ್ತದೆ, ಕೆಳಗೆ ತಿರುಗುತ್ತಿರುವ ಕ್ರ್ಯಾಂಕ್ ದಂಡ ನಿಲ್ಲುವುದಿಲ್ಲ, ನಡುವಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದಿದ್ದರೆ ಈ ಖರ್ಚು ಸಾಮಾನ್ಯವಾಗಿ ನಿಮ್ಮ ತಲೆಯ ಮೇಲೆಯೇ ಬೀಳುತ್ತದೆ.

ಆದ್ದರಿಂದ ನೀರಿನಲ್ಲಿ ಕಾರು ನಿಂತರೆ ಇನ್ನೊಂದು ಸಲ ಸ್ಟಾರ್ಟ್ ಮಾಡಿ ನೋಡುವ ಆಸೆಯನ್ನು ದಯವಿಟ್ಟು ಬಿಡಿ. ಬ್ಯಾಟರಿಯ ತಂತಿ ಬಿಚ್ಚಿಸಿ, ಗಾಡಿಯನ್ನು ಎಳೆಸಿಕೊಂಡು ಹೋಗಿ, ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆಸಿ ಎಂಜಿನ್ನನ್ನು ಕೈಯಿಂದ ತಿರುಗಿಸಲು ಮೆಕ್ಯಾನಿಕ್ಕಿಗೆ ಹೇಳಿ. ಒಳಗೆ ನೀರಿದ್ದರೆ ಪ್ಲಗ್ಗಿನ ತೂತಿನಿಂದ ಅದು ಹೊರಕ್ಕೆ ಬರುತ್ತದೆ, ರಾಡೂ ಉಳಿಯುತ್ತದೆ.